ಪೆಟ್ರೊನೆಲ್ಲಾಳ ಊರಿನವಳು

ಹೆಬ್ಬಗೋಡಿ

ಬಾಡಿಗೆಗೆ ರೂಮು ಕೇಳಿಕೊಂಡು ಬಂದವರನ್ನು ನಮ್ಮವ್ವ ಜಗಲಿ ಮೇಲೆ ಕೂರಿಸಿ ಮೊದಲು ವಿಚಾರಿಸುವುದು ವಂಶ. ಯಾವೂರು, ಯಾವ ಜನ, ಅಪ್ಪ ಏನು ಮಾಡ್ತಿದ್ದ, ತಾಯಿ ಕಡೆಯವರು ಎಲ್ಲಿಯವರು. ಬಂದವನಿಗೆ ಕನ್ನಡ ಬರುವುದಿಲ್ಲ, ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಆದರೂ ವಿಚಾರಣೆ ಸಾಂಗವಾಗಿ ನಡೆಯುತ್ತದೆ. ಒಡಿಶಾದ ಹುಡುಗನೊಬ್ಬನ ಅಜ್ಜನ ಕಾಲದವರೆಗಿನ ವೃತ್ತಾಂತವನ್ನು ಅವಳು ಬರೀ ಕೈಸನ್ನೆಯಲ್ಲಿ ಹೊರಗೆಳೆದದ್ದನ್ನು ನಾನೇ ಕಂಡಿದ್ದೇನೆ. ಇಷ್ಟೆಲ್ಲ ಕೇಳಿದ ಮೇಲೆ ಹೆಸರು ಕೇಳುವುದನ್ನು ಮಾತ್ರ ಮರೆಯುತ್ತಾಳೆ. ನಮ್ಮ ರಾಗಿ ಹೊಲವಿದ್ದ ಕಡೆ ಈಗ ನಿಂತಿರುವ ಸಾಲು ರೂಮುಗಳಲ್ಲಿ ಇರುವವರೆಲ್ಲ ಅವ್ವನ ಬಾಯಲ್ಲಿ ಒಡಿಶಾದೋನು, ಬಿಹಾರಿ, ಬೆಂಗಾಲಿ, ರಾಯಚೂರೋರು.

ಹಾಗಾಗಿ ನಾನು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು ಅಂದಾಗ ಅವಳು ವಿಮಾನದ ಬಗ್ಗೆ ಏನೂ ಕೇಳಲಿಲ್ಲ.

"ಅಲ್ಲಿ ಯಾವ ಜನಾನೇ ಇರೋದು?"

"ಎಲ್ಲಾ ಥರದೋರೂ ಇದ್ದಾರಂತೆ ಕಣವ್ವ. ನಾನು ಉಳ್ಕೊಳೋದು ಬಿಳೀ ಜನದ ಮನೇಲಿ. ಆಫ್ರಿಕಾನರ್ ಅಂತಾರೆ. ಬೂರ್ ಅಂತಾನೂ ಅಂತಾರೆ."

"ಅಂಗಂದ್ರೆ?"

"ಬೂರ್ ಅಂದ್ರೆ ಬೇಸಾಯ ಮಾಡೋನು ಅಂತ."

"ಓ, ನಮ್ಮೋರೇ ಅನ್ನು," ಎಂದು ಅವ್ವ ನಿರಾಳವಾಗಿ ಅವರೆಕಾಯಿ ಬಿಡಿಸಲು ಕೂತಳು.

ನಾನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಸರ್ವಿಸ್ ಎಂಜಿನಿಯರ್. ಕಾಳುಕಡ್ಡಿಯನ್ನು ತೂಗಿ, ಪೊಟ್ಟಣಕ್ಕೆ ತುಂಬಿ, ಬಾಯಿ ಅಂಟಿಸುವ ಯಂತ್ರಗಳನ್ನು ನಾವು ಮಾಡುತ್ತೇವೆ. ಕೊಂಡವರ ಜಾಗಕ್ಕೆ ಹೋಗಿ ಕೂರಿಸಿ, ಓಡಿಸಿ ತೋರಿಸಿ ಬರುವುದು ನನ್ನ ಕೆಲಸ. ಅದುವರೆಗೆ ನನ್ನ ವಿದೇಶ ಅಂದರೆ ಕೃಷ್ಣಗಿರಿ. ಹಿರಿಯರೊಬ್ಬರು ಹೋಗಬೇಕಿತ್ತು, ಅವರಿಗೆ ಕಾಮಾಲೆ ಬಂತು, ಸರದಿ ನನಗೆ ಬಂತು. ಆಫೀಸಿನವರು ಅಷ್ಟು ದೂರದ ಆತಿಥೇಯರಿಗೆ ನನ್ನ ಪರವಾಗಿ ಒಂದೇ ಒಂದು ಮಾತು ತಿಳಿಸಿದ್ದರು: ಮೇಡಂ ಸಸ್ಯಾಹಾರಿ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಕೇಪ್‌ಟೌನ್

ವಿಮಾನ ನಿಲ್ದಾಣದಲ್ಲಿ ನನ್ನ ಹೆಸರಿನ ಹಲಗೆ ಹಿಡಿದು ಅರವತ್ತು ದಾಟಿದ ಒಬ್ಬ ಹೆಂಗಸು ನಿಂತಿದ್ದರು. ಜಯಾ ಎಂದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿದ್ದರು. ಬಾಯಿ ಬಿಟ್ಟದ್ದು ಮಾತ್ರ, "ಯಾಯಾ?"

ಅವರ ಭಾಷೆಯಲ್ಲಿ ಜ ಅಕ್ಷರವನ್ನು ಯ ಅನ್ನುತ್ತಾರೆ. ಜತೆಗೆ ಹೌದು ಅನ್ನುವುದಕ್ಕೂ ಅವರು "ಯಾ" ಅನ್ನುತ್ತಾರೆ. ಹೀಗಾಗಿ ಮುಂದಿನ ಎರಡು ವಾರ ಯಾರಾದರೂ ಕೂಗಿದಾಗ ನನ್ನನ್ನು ಕರೆದರೋ, ಇನ್ಯಾರಿಗೋ ಎರಡು ಸಲ ಹೌದೆಂದರೋ ತಿಳಿಯದೆ ಎಲ್ಲದಕ್ಕೂ ತಿರುಗಿ ನೋಡಿದೆ.

ಆಕೆ ಮಾರ್ತಾ, ನಾನು ಹೋಗಬೇಕಿದ್ದ ಒಣದ್ರಾಕ್ಷಿ ತೋಟದ ಯಜಮಾನಿ. "ಮೇಡಂ" ಎಂದೆ. ಅವರು ನಕ್ಕು, "ನಮ್ಮಲ್ಲಿ ದೊಡ್ಡವರನ್ನ ಹೆಸರು ಹಿಡಿದು ಕರೆಯೋ ಹಾಗಿಲ್ಲ, ಮೇಡಂ ಅಂತಾನೂ ಬೇಡ. ಹೆಂಗಸರಿಗೆ ತನ್ನಿ, ಗಂಡಸರಿಗೆ ಓಂ," ಎಂದರು. ಅತ್ತೆ, ಮಾವ ಅನ್ನುವ ಹಾಗೆ. ಗುರುತಿಲ್ಲದ ಅಂಗಡಿಯವನಿಗೂ ಓಂ. ಹೊಸೂರು ರಸ್ತೆಯಲ್ಲಿ ಬೆಳೆದವಳಿಗೆ ತಣ್ಣಿ ಅಂದರೆ ತಮಿಳಿನ ನೀರು, ಸಂಜೆಯಾದ ಮೇಲೆ ಗಂಡಸರು ಕುಡಿಯುವ ಇನ್ನೊಂದು ನೀರು. ಒಬ್ಬ ಗೌರವಸ್ಥ ಹೆಂಗಸನ್ನು ಹಾಗೆ ಕರೆಯಲು ನಾಲಿಗೆ ಬೇಗ ಹೊರಳಲಿಲ್ಲ. ಓಂ ಅನ್ನುವುದಕ್ಕೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಬಾಯಿ ತೆರೆದರೆ ಮಂತ್ರ ಹೇಳಿದಂತಾಗುತ್ತಿತ್ತು.

ಕಾರಿನಲ್ಲಿ ತನ್ನಿ ಮಾರ್ತಾ ದಾರಿ ಹೇಳುವ ಕೆಲಸ ನನಗೆ ವಹಿಸಿ, "ರೋಬೋಟ್ ಕಂಡ ಕೂಡಲೇ ಹೇಳು, ಎಡಕ್ಕೆ ತಿರುಗಬೇಕು," ಎಂದರು. ನಾನು ಕೈಕಾಲಿರುವ ರೋಬೋಟನ್ನು ಹುಡುಕುತ್ತ ಕೂತೆ. ಅಲ್ಲಿ ಸಿಗ್ನಲ್ ದೀಪವನ್ನೇ ರೋಬೋಟ್ ಅನ್ನುತ್ತಾರೆಂದು ತಿಳಿಯುವ ಹೊತ್ತಿಗೆ ನಾವು ಸಮುದ್ರ ಮುಟ್ಟಿದ್ದೆವು. ಸಮುದ್ರವೇನೋ ಚೆನ್ನಾಗಿತ್ತು.

ಊರು ಬಿಟ್ಟು ಬೆಟ್ಟ ಹತ್ತುವಾಗ ಅವರು ಕೇಳಿದರು: "ನೀನು ಬೆಂಗಾಲದವಳು, ಅಲ್ವಾ?"

ಬೆಂಗಳೂರನ್ನು ಪಾಪ ಹಾಗೆ ಅನ್ನುತ್ತಿದ್ದಾರೆ ಅಂದುಕೊಂಡೆ. ಜಯಾ ಯಾಯಾ ಆಗಬಹುದಾದರೆ ಬೆಂಗಳೂರು ಬೆಂಗಾಲ ಆಗಬಾರದೇ? "ಹೌದು ತನ್ನಿ, ಅಲ್ಲೇ ಹುಟ್ಟಿ ಬೆಳೆದಿದ್ದು," ಎಂದೆ.

ತನ್ನಿ ಮಾರ್ತಾ ಸ್ಟಿಯರಿಂಗ್ ಬಿಟ್ಟು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಎದುರಿಗೆ ಲಾರಿ ಬರುತ್ತಿದ್ದುದರಿಂದ ಕಾರಣ ಕೇಳಲಾಗಲಿಲ್ಲ.

ಆನೆ ನದಿಯ ಬಯಲು

ತೋಟವಿದ್ದದ್ದು ಒಲಿಫಾಂಟ್ಸ್ ಎಂಬ ನದಿಯ ಬಯಲಿನಲ್ಲಿ. ಹಾಗೆಂದರೆ ಆನೆಗಳ ನದಿ. ಒಂದಾದರೂ ಆನೆ ಇದೆಯೇ ಎಂದರೆ ಇಲ್ಲ. ನಮ್ಮ ಆನೇಕಲ್ ಕಡೆ ಇಂದಿಗೂ ಬನ್ನೇರುಘಟ್ಟದ ಕಾಡಿನಿಂದ ಇಳಿದು ಬಂದು ರಾಗಿ ತಿಂದು ಹೋಗುತ್ತವೆ ಅಂದಾಗ ತನ್ನಿಯ ಗಂಡ ಓಂ ಹೆನ್ನಿ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು. ಎತ್ತರದ ಆಳು, ಚಳಿಯಲ್ಲೂ ಚಡ್ಡಿ, ಉದ್ದ ಕಾಲುಚೀಲ. ಆ ಕಾಲುಚೀಲದೊಳಗೆ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಿದ್ದರು.

ಊಟಕ್ಕೆ ಕೂತರೆ ನನ್ನ ಪಾಲಿಗೆ ಸಿಹಿಗುಂಬಳ. ಸಕ್ಕರೆ, ಚಕ್ಕೆ ಹಾಕಿ ಬೇಯಿಸಿದ್ದು. ಮರುದಿನ ಕುಂಬಳದ ದೋಸೆಯಂಥದ್ದು. ಅದರ ಮರುದಿನ ಕುಂಬಳದ ಸಾರು. ಪಕ್ಕದ ತಟ್ಟೆಗಳಲ್ಲಿ ಎಳೆ ಕುರಿಯ ಮಾಂಸ ಹೊಗೆಯಾಡುತ್ತಿತ್ತು. ನಮ್ಮ ಮನೆಯಲ್ಲಿ ಭಾನುವಾರ ಬಾಡಿಲ್ಲದಿದ್ದರೆ ಯಾರೋ ಸತ್ತಿದ್ದಾರೆಂದೇ ಅಕ್ಕಪಕ್ಕದವರು ವಿಚಾರಿಸಲು ಬರುತ್ತಾರೆ. ಆದರೆ ಅವರು ನನಗೋಸ್ಕರ ಹೊಸ ಬಾಣಲೆಯನ್ನೇ ತಂದಿದ್ದರು. ಹೇಗೆ ಹೇಳುವುದು?

ದಾರಿ ತೋರಿಸಿದವರು ಓಂ ಹೆನ್ನಿಯೇ. ನನ್ನ ತಟ್ಟೆಯನ್ನು ಮರುಕದಿಂದ ನೋಡಿ, "ಯಾಯಾ, ಕೋಳಿ ತಿನ್ನಬಹುದಲ್ಲ? ಕೋಳಿ ತರಕಾರಿ ತಾನೇ?" ಎಂದರು. ತಮಾಷೆಗಲ್ಲ, ನಿಜವಾಗಿಯೂ ಕೇಳಿದರು.

"ಓಂ, ನಮ್ಮ ಕಡೆ ಕುರೀನೂ ತರಕಾರೀನೇ," ಎಂದುಬಿಟ್ಟೆ.

ತನ್ನಿ ಮಾರ್ತಾ ಏಳದೆಯೇ ಕುರಿಯ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು. ಅವತ್ತೇ ಓಂ ಉಗ್ರಾಣ ತೆರೆದು ಉಪ್ಪು, ಕೊತ್ತಂಬರಿ ಬೀಜ ಸವರಿ ಒಣಗಿಸಿದ ಮಾಂಸದ ಪಟ್ಟಿಗಳನ್ನು ತೋರಿಸಿದರು. ಬಿಲ್ಟಾಂಗ್ ಅಂತೆ. ನಮ್ಮಜ್ಜಿ ಮಾಡುತ್ತಿದ್ದ ಉಪ್ಪುಕಂಡದ ಖಾಸಾ ತಮ್ಮ. ಉಪ್ಪಿನಕಾಯಿಗೆ ಅವರು "ಅಚಾರ್" ಅಂದಾಗ ನಾನು ಬೆಚ್ಚಿದೆ. ನಮ್ಮ ಚಂದಾಪುರದ ಸಾಬರ ಅಂಗಡಿಯಲ್ಲೂ ಅದೇ ಮಾತು. "ಇದು ನಿಮಗೆಲ್ಲಿಂದ ಬಂತು ಓಂ?" ಎಂದೆ. "ನಮ್ಮದೇ. ಅಪ್ಪಟ ಆಫ್ರಿಕಾನ್ಸ್ ಮಾತು," ಎಂದರು. ತನ್ನಿ ಮಾರ್ತಾ ಗಂಡನ ಕಡೆ ಒಂದು ನೋಟ ನೋಡಿದರು.

ಯಂತ್ರದ ಸಂಗತಿ ಬೇರೆ. ಬೊಮ್ಮಸಂದ್ರದಲ್ಲಿ ಅದನ್ನು ಕಡಲೆಕಾಯಿ ಬೀಜ ಹಾಕಿ ಪರೀಕ್ಷಿಸಿ ಕಳಿಸಿದ್ದೆವು. ಕಡಲೆ ಬೀಜ ಸಭ್ಯ ಜೀವಿ. ಒಂದರ ಹಿಂದೆ ಒಂದು ಜಾರುತ್ತದೆ. ಒಣದ್ರಾಕ್ಷಿ ಮದುವೆಮನೆ ನೆಂಟರ ಹಾಗೆ, ಕೈಕೈ ಹಿಡಿದು ಬಾಗಿಲಲ್ಲೇ ನಿಂತಿತು. ಎಣ್ಣೆ ಸವರಿ, ತಟ್ಟೆಯ ನಡುಕ ಹೆಚ್ಚಿಸಿ, ಬೈದು, ಅಂತೂ ಒಂದು ಹದಕ್ಕೆ ತರುತ್ತಿದ್ದೆ. ಓಂ ದಿನಾ ಬೆಳಿಗ್ಗೆ "ಈಗಲೇ ಬಂದೆ" ಎಂದು ಹೋಗಿ ಊಟದ ಹೊತ್ತಿಗೆ ಬರುತ್ತಿದ್ದರು. ಸಿಲ್ಕ್‌ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು "ಬಂದ್ಬಿಟ್ಟೆ ಗುರು, ಐದೇ ನಿಮಿಷ" ಅನ್ನುವವರ ನಡುವೆ ಬೆಳೆದ ನನಗೆ ಇದರಿಂದ ಏನೂ ಕಷ್ಟವಾಗಲಿಲ್ಲ.

ಭಾನುವಾರ

ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಓಂ ಹೆನ್ನಿ ನನಗೆ ತಮ್ಮ ವಂಶ ಹೇಳತೊಡಗಿದರು. ಅವ್ವ ಪಕ್ಕದಲ್ಲಿದ್ದರೆ ಎಷ್ಟು ಸುಖಪಡುತ್ತಿದ್ದಳೋ! ಮೂಲಪುರುಷ ಡಚ್ಚರ ವ್ಯಾಪಾರದ ಕಂಪನಿಯ ಹಡಗಿನಲ್ಲಿ ಬಂದ ತೋಟಗಾರ. ಆಮೇಲೆ ಧರ್ಮದ ಕಾಟ ತಾಳದೆ ಫ್ರಾನ್ಸಿನಿಂದ ಓಡಿ ಬಂದ ದ್ರಾಕ್ಷಿ ಬೆಳೆಗಾರನ ಮಗಳೊಬ್ಬಳು ಈ ಮನೆಗೆ ಸೊಸೆಯಾಗಿ ಸೇರಿದಳು. ಆಮೇಲೆ ಒಬ್ಬ ಜರ್ಮನ್ ಸಿಪಾಯಿ. "ಮೂರೂ ಕಡೆಯ ರಕ್ತ ಸೇರಿ ಬೂರ್. ಅಪ್ಪಟ ಯೂರೋಪು," ಎಂದು ಮೇಜಿನ ಮೇಲೆ ಕೈಯೂರಿದರು.

"ಮೂಲಪುರುಷನ ಹೆಂಡತಿ ಯಾರು, ಹೆನ್ನಿ?" ತನ್ನಿ ಮಾರ್ತಾ ಬಹಳ ಮೆತ್ತಗೆ ಕೇಳಿದರು.

"ಮತ್ತೆ ಶುರು ಮಾಡ್ಬೇಡ."

"ಪೆಟ್ರೊನೆಲ್ಲಾ ಫಾನ್ ಬೆಂಗಾಲ," ಎಂದು ಆಕೆ ನನ್ನ ಕಡೆ ತಿರುಗಿದರು.

ನನಗೆ ಫ್ಯಾನ್ ಅಂತ ಕೇಳಿಸಿತು. ಬೆಂಗಾಲ್ ಫ್ಯಾನ್, ಯಾವುದೋ ಹಳೇ ಕಂಪನಿ. ಮರ್ಯಾದೆಗೆ ತಲೆಯೆತ್ತಿ ಸೂರು ನೋಡಿದೆ.

ಆಮೇಲೆ ವಿಷಯ ತಿಳಿಯಿತು. ಫಾನ್ ಅಂದರೆ ಇಂಥ ಊರಿನ ಎಂದರ್ಥ. ಕೇಪ್ ಎಂಬ ಈ ದಕ್ಷಿಣದ ತುದಿಗೆ ಬಂದ ಡಚ್ಚರು ಬರಿಗೈಯಲ್ಲಿ ಬೇಸಾಯ ಮಾಡಲಿಲ್ಲ. ಬಂಗಾಳ, ಮಲಬಾರ್, ಕೋರಮಂಡಲ, ಜಾವಾ, ಮಡಗಾಸ್ಕರ್‌ಗಳಿಂದ ಗುಲಾಮರನ್ನು ಹಡಗಿನಲ್ಲಿ ತರಿಸಿಕೊಂಡರು. ಹೆಣ್ಣುಗಳು ಕಡಿಮೆಯಿದ್ದ ಆ ಕಾಲದಲ್ಲಿ ಕೆಲವರು ಗುಲಾಮ ಹೆಂಗಸರನ್ನು ಬಿಡುಗಡೆ ಮಾಡಿ ಮದುವೆಯಾದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿನ ಎಷ್ಟೋ ಬಿಳೀ ಮನೆತನಗಳಲ್ಲಿದ್ದಾರೆ. ಡಚ್ಚರಿಗಿಂತ ಮೊದಲಿಂದ ಅಲ್ಲಿದ್ದ ಮೂಲನಿವಾಸಿಗಳ ರಕ್ತವೂ ಬೆರೆತಿದೆ. ತನ್ನಿ ಮಾರ್ತಾ ಇದನ್ನೆಲ್ಲ ವರ್ಷಗಟ್ಟಲೆ ವಿಚಾರಿಸಿ ತಿಳಿದುಕೊಂಡಿದ್ದರು. ಬರುವ ಶನಿವಾರ ತೋಟದಲ್ಲಿ ಇಡೀ ಮನೆತನದ ಕೂಟ. ಆ ಕೂಟಕ್ಕೆ ಪೆಟ್ರೊನೆಲ್ಲಾಳ ಊರಿನವಳೇ ಒಬ್ಬಳು ದೇವರು ಕಳಿಸಿದ ಹಾಗೆ ಬರುತ್ತಿದ್ದಾಳೆಂದು ಆಕೆ ನೆಂಟರಿಗೆಲ್ಲ ಫೋನು ಮಾಡಿ ಹೇಳಿಬಿಟ್ಟಿದ್ದರು.

ಆ ಊರಿನವಳು ನಾನು.

ಚಮಚ ಕೆಳಗಿಟ್ಟೆ. "ತನ್ನಿ, ತಪ್ಪಾಗಿದೆ. ನಾನು ಬೆಂಗಳೂರಿನವಳು. ಬಂಗಾಳ ಬೇರೆ. ನಮ್ಮೂರಿಂದ ರೈಲಲ್ಲಿ ಹೋದ್ರೂ ಕೂತು ಕೂತು ಸೊಂಟ ಬಿದ್ದುಹೋಗತ್ತೆ. ಭಾಷೆ ಬೇರೆ, ಊಟ ಬೇರೆ."

ಓಂ ಹೆನ್ನಿಗೆ ಲಾಟರಿ ಹೊಡೆದಂತಾಯಿತು. "ನೋಡಿದ್ಯಾ ಮಾರ್ತಾ! ಬೆಂಗಾಲದವಳೇ ಬೆಂಗಾಲದವಳಲ್ಲ ಅಂತಿದ್ದಾಳೆ!"

"ಆದ್ರೆ ಬಂಗಾಳ ಅನ್ನೋ ನಾಡು ಇದೆ ತಾನೇ?"

"ಇದೆ ತನ್ನಿ."

"ಇರಲಿ," ಎಂದರು ಓಂ. "ಪೆಟ್ರೊನೆಲ್ಲಾ ಅಲ್ಲಿದ್ದ ಯಾರೋ ಡಚ್ ವ್ಯಾಪಾರಿಯ ಮಗಳಾಗಿರಬೇಕು. ಅಲ್ಲೇ ಹುಟ್ಟಿದ್ದರಿಂದ ಊರಿನ ಹೆಸರು ಸೇರಿಸಿದ್ದಾರೆ. ಅಷ್ಟೇ."

ಸುಮ್ಮನಿರಬಹುದಿತ್ತು. ಯಂತ್ರ ಕೂರಿಸಲು ಬಂದವಳಿಗೆ ಮನೆತನದ ಜಗಳ ಯಾಕೆ? ಆದರೆ ಹೆಬ್ಬಗೋಡಿಯ ರೂಮುಗಳು ನೆನಪಾದವು. "ಓಂ, ನಮ್ಮ ಮನೇಲೂ ಒಬ್ಬಳು ಬಂಗಾಳದವಳಿದ್ದಾಳೆ. ಬಾಡಿಗೆಗೆ. ಬಟ್ಟೆ ಕಾರ್ಖಾನೆಗೆ ಹೋಗ್ತಾಳೆ. ನಮ್ಮವ್ವ ಅವಳನ್ನ ಬೆಂಗಾಲಿ ಅಂತಾನೇ ಕರೆಯೋದು."

"ಅವಳ ಹೆಸರೇನು?"

"ಗೊತ್ತಿಲ್ಲ."

"ಒಂದೇ ಅಂಗಳದಲ್ಲಿದ್ದೂ ಗೊತ್ತಿಲ್ವಾ?"

"ಅದೇ ಓಂ ನಾನು ಹೇಳ್ತಿರೋದು. ದೊಡ್ಡ ವ್ಯಾಪಾರಿ ಮಗಳಾಗಿದ್ರೆ ಅವಳಪ್ಪನ ಹೆಸರು ಹೇಳ್ತಿದ್ವಿ. ಯಾರ ಮಗಳು ಅಂತ ಕೇಳೋರಿಲ್ಲದವಳಿಗೆ ನಾಡಿನ ಹೆಸರು ಹಾಕಿ ಕರೀತೀವಿ."

ಓಂ ಹೆನ್ನಿ ಕರವಸ್ತ್ರ ಮಡಿಸಿಟ್ಟು ಎದ್ದು ಹೋದರು.

ಪಾತ್ರೆ ತೊಳೆಯುವಾಗ ತನ್ನಿ ಮಾರ್ತಾ ಉಳಿದದ್ದು ಹೇಳಿದರು. ಓಂ ಹೆನ್ನಿಗೆ ಒಬ್ಬ ಅಕ್ಕ, ರಿಯಾ. ಬಿಳಿಯರಲ್ಲದವರನ್ನು ಮದುವೆಯಾಗುವುದೇ ಅಪರಾಧವಾಗಿದ್ದ ಕಾಲದಲ್ಲಿ ಆಕೆ ಮಿಶ್ರ ಜನಾಂಗದ ಒಬ್ಬ ಮೇಷ್ಟ್ರ ಜತೆ ಬಾಳಲು ಹೊರಟರು. ತಂದೆ ಮನೆಯಿಂದ ಹೊರಗೆ ಹಾಕಿದರು. ಗೇಟು ಮುಚ್ಚಲು ಕಳಿಸಿದ್ದು ಹೆನ್ನಿಯನ್ನು. ತಂದೆ ಸತ್ತರು, ಕಾನೂನು ಸತ್ತಿತು, ಆ ಮೇಷ್ಟ್ರೂ ಹೋದರು. ಅಕ್ಕತಮ್ಮ ಮಾತ್ರ ಮಾತಾಡಿಲ್ಲ.

"ಪೆಟ್ರೊನೆಲ್ಲಾ ನಿಜ ಅಂತ ಒಪ್ಪಿದ್ರೆ, ರಿಯಾನ ಯಾಕೆ ಹೊರಗೆ ಹಾಕಿದ್ರಿ ಅನ್ನೋದಕ್ಕೆ ಇವರು ಉತ್ತರ ಹೇಳ್ಬೇಕಲ್ಲ," ಎಂದರು ತನ್ನಿ. "ಶನಿವಾರಕ್ಕೆ ಅವಳನ್ನ ನಾನು ಕರೆದಿದ್ದೀನಿ. ಇವರಿಗೆ ಇನ್ನೂ ಹೇಳಿಲ್ಲ."

ಪ್ಯಾಕಿಂಗ್ ಶೆಡ್ಡು

ಮರುದಿನವೇ ಅವ್ವನಿಗೆ ಫೋನು ಮಾಡಿದೆ.

"ಅವ್ವ, ಆ ಬೆಂಗಾಲಿಯವಳ ಹೆಸರೇನು?"

"ಯಾಕೆ, ಏನಾರ ಕದ್ದವ್ಳಾ?"

"ಇಲ್ಲ ಕಣವ್ವ. ಇಲ್ಲಿ ಓಂ ಕೇಳ್ತಿದ್ದಾರೆ."

"ಓಂ ಯಾಕಮ್ಮ ಕೇಳ್ತದೆ?" ಎಂದು ಅವ್ವ ಗಾಬರಿಯಾದಳು. ನಾನು ದೇವರ ಕೋಣೆಯಿಂದ ಮಾತಾಡುತ್ತಿಲ್ಲವೆಂದು ತಿಳಿಸಿ, ಪೆಟ್ರೊನೆಲ್ಲಾಳ ಕಥೆ ಹೇಳಿದೆ.

"ಪೆಟ್ರೋಲಾ?"

"ಪೆಟ್ರೊನೆಲ್ಲಾ. ಅದೂ ಅವಳ ಸ್ವಂತ ಹೆಸರಲ್ಲ, ಕೊಂಡೋರು ಇಟ್ಟಿದ್ದು. ಅವಳಪ್ಪ ಅಮ್ಮ ಏನಂತ ಕರೀತಿದ್ರೋ ಯಾರಿಗೂ ಗೊತ್ತಿಲ್ಲ."

ಅವ್ವ "ಇಂಗೂ ಉಂಟಾ," ಎಂದು ಫೋನಿಟ್ಟಳು. ಸಂಜೆ ಅವಳೇ ಮಾಡಿದಳು. "ಶೆಫಾಲಿ ಅಂತೆ ಕಣೇ. ಅದು ಪಾರಿಜಾತದ ಹೂವಂತೆ. ನಾನು ಹೆಸರು ಕೇಳಿದ್ದೇ ತಡ, ಆ ಹುಡುಗಿ ಇಲ್ಲೇ ಕೂತ್ಬಿಟ್ಲು. ಅವಳಮ್ಮ, ಅಜ್ಜಿ, ಅವರೂರ ಕೆರೆ, ಎಲ್ಲಾ ಹೇಳಿದ್ಲು. ಒಂದಕ್ಷರ ಅರ್ಥ ಆಗ್ಲಿಲ್ಲ. ಮುದ್ದೆ ಉಂಡ್ಕೊಂಡು ಹೋಗು ಅಂದೆ."

ಇದನ್ನು ಯಂತ್ರದ ಪಕ್ಕದಲ್ಲಿದ್ದ ಓಂ ಹೆನ್ನಿಗೆ ಹೇಳಿದೆ. "ಶೆಫಾಲಿ," ಎಂದು ಒಂದು ಸಲ ಬಾಯೊಳಗೇ ಅಂದುಕೊಂಡರು. ಆಮೇಲೆ ತೂಕದ ಬಟ್ಟಲು ಸರಿಯಾಗಿ ಕೂತಿಲ್ಲವೆಂದು ತಕರಾರು ತೆಗೆದರು. ಅದು ಸರಿಯಾಗಿಯೇ ಕೂತಿತ್ತು.

ಶನಿವಾರ

ಮರಗಳ ಕೆಳಗೆ ಉದ್ದ ಮೇಜುಗಳು. ಎಲ್ಲೆಲ್ಲಿಂದಲೋ ಬಂದ ನೆಂಟರು. ದಾಯಾದಿಗಳಲ್ಲಿ ಹಿರಿಯರಾದ ಒಬ್ಬರ ಹೆಸರು ಕೂಸ್. ಬಾಗಿಲಿನಷ್ಟು ಅಗಲದ ಆ ಮನುಷ್ಯನನ್ನು ಎಲ್ಲರೂ ಓಂ ಕೂಸ್, ಓಂ ಕೂಸ್ ಎಂದು ಕರೆಯುತ್ತಿದ್ದರೆ ನನಗೆ ನಗು ತಡೆಯುವುದೇ ಕೆಲಸವಾಯಿತು. ಅವರು ನನ್ನ ಕೈ ಕುಲುಕಿ, "ಮಾರ್ತಾ ಹೇಳೋದನ್ನ ನಂಬಬೇಡ. ನಾವು ಯೂರೋಪಿನವರು," ಎಂದರು. ನಾನೇನೂ ಕೇಳಿರಲಿಲ್ಲ.

ಅಕ್ಕ ಬರುವ ಸುದ್ದಿಯನ್ನು ಓಂ ಹೆನ್ನಿಗೆ ಬೆಳಿಗ್ಗೆಯಷ್ಟೇ ತಿಳಿಸಿದ್ದರು. ಅವರು ಕೂಗಾಡಲಿಲ್ಲ. ಬೆಂಕಿ ಹಾಕಿ ಕೆಂಡದ ಮುಂದೆ ಇಕ್ಕಳ ಹಿಡಿದು ನಿಂತವರು ಯಾರ ಕಡೆಗೂ ತಿರುಗಲಿಲ್ಲ.

ಒಂದು ಸಣ್ಣ ಬಿಳಿ ಕಾರು ಬಂದು ಗೇಟಿನಾಚೆ ನಿಂತಿತು. ಒಳಗೆ ಬರಲಿಲ್ಲ. ಗೇಟು ತೆರೆಯಲು ಓಡಿದ ಹುಡುಗಿಯೊಬ್ಬಳನ್ನು ತನ್ನಿ ಮಾರ್ತಾ ತೋಳು ಹಿಡಿದು ನಿಲ್ಲಿಸಿದರು. ಓಂ ಹೆನ್ನಿ ಇಕ್ಕಳ ಕೆಳಗಿಟ್ಟು, ಕೈ ಚಡ್ಡಿಗೆ ಒರೆಸಿಕೊಂಡು ನಡೆದರು. ಗೇಟು ಎಳೆದರು. ಬರಲಿಲ್ಲ. ತಳ್ಳಿದರು. ಜಗ್ಗಲಿಲ್ಲ. ಒದ್ದರು. ಇಡೀ ಮನೆತನ ನೋಡುತ್ತಿತ್ತು.

ಕಾರಿನಿಂದ ಇಳಿದ ಬಿಳಿಗೂದಲಿನ ಹೆಂಗಸು ಗೇಟಿನ ಆ ಕಡೆ ನಿಂತು ಏನೋ ಅಂದು, ಮೇಲಕ್ಕೆತ್ತುವಂತೆ ಕೈಸನ್ನೆ ಮಾಡಿದರು. ಓಂ ಗೇಟನ್ನು ಎತ್ತಿ ತಳ್ಳಿದರು, ತೆರೆಯಿತು. ಅವರಿಬ್ಬರೂ ತಬ್ಬಿಕೊಳ್ಳಲಿಲ್ಲ. ಓಂ ಆಕೆಯ ಕೈಯಲ್ಲಿದ್ದ ಕಡುಬಿನ ತಟ್ಟೆ ತೆಗೆದುಕೊಂಡರು. ಇಬ್ಬರೂ ಒಂದು ಮಾರು ಅಂತರ ಬಿಟ್ಟು ನಡೆದು ಬಂದರು.

ಊಟಕ್ಕೆ ಮುಂಚೆ ಮನೆಯ ಯಜಮಾನ ಪ್ರಾರ್ಥನೆ ಹೇಳಿ ಹಿರಿಯರನ್ನು ನೆನೆಯುವುದು ಅವರ ಪದ್ಧತಿ. ತನ್ನಿ ಮಾರ್ತಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಹಾಲೆಂಡಿನಿಂದ ಬಂದ ತೋಟಗಾರನಿಗಾಗಿ, ಪ್ರಭುವೇ, ವಂದನೆ. ಫ್ರಾನ್ಸಿನಿಂದ ಬಂದವಳಿಗಾಗಿ ವಂದನೆ. ಜರ್ಮನಿಯಿಂದ ಬಂದವನಿಗಾಗಿ ವಂದನೆ. ಇಲ್ಲಿಗೆ ಮುಗಿಯಬೇಕಿತ್ತು. ಕೆಲವರು ಆಮೆನ್ ಅಂದೂಬಿಟ್ಟರು. ಓಂ ಹೆನ್ನಿ ಕಣ್ಣು ತೆರೆಯದೆ ಗಂಟಲು ಸರಿಮಾಡಿಕೊಂಡರು.

"ಮತ್ತೆ ಪೆಟ್ರೊನೆಲ್ಲಾ. ಬಂಗಾಳದಿಂದ. ಅವಳು ಬರಲಿಲ್ಲ ಪ್ರಭುವೇ, ಅವಳನ್ನು ತಂದರು. ಅವಳ ನಿಜವಾದ ಹೆಸರು ನಿನಗೆ ಗೊತ್ತು. ಅವಳ ಮಕ್ಕಳು ನಾವು." ಸ್ವಲ್ಪ ತಡೆದು, "ರಿಯಾ ಕೂಡ," ಎಂದರು.

ಕಿವಿಯಲ್ಲಿ ಪಿಸುಗುಡುತ್ತಿದ್ದ ದನಿ ಅಲ್ಲಿಗೆ ನಿಂತಿತು. ತನ್ನಿ ಮಾರ್ತಾ ಅಳುತ್ತಿದ್ದರು.

ಕುರ್ಚಿ ಎಳೆದ ಸದ್ದಾಯಿತು. ಓಂ ಕೂಸ್ ಎದ್ದು, ಟೋಪಿ ಹಾಕಿಕೊಂಡು, ಯಾರಿಗೂ ಹೇಳದೆ ತಮ್ಮ ಕಾರಿನ ಕಡೆ ಹೊರಟರು. ಮಿಕ್ಕವರು ಕಣ್ಣು ಮುಚ್ಚಬೇಕೋ ತೆರೆಯಬೇಕೋ ತಿಳಿಯದೆ ಕೂತರು. ಮೊದಲು ಮಾತಾಡಿದವರು ತನ್ನಿ ರಿಯಾ.

"ಹೆನ್ನಿ, ಮಾಂಸ ಸೀದು ಹೋಗ್ತಿದೆ."

ಓಂ ಓಡಿದರು. ಅಕ್ಕನೂ ಹಿಂದೆಯೇ ಓಡಿ ಇಕ್ಕಳಕ್ಕೆ ಕೈ ಹಾಕಿದರು. ಇವರು ಬಿಡಲಿಲ್ಲ. ಇಷ್ಟು ಬೇಗ ತಿರುವಬಾರದು ಎಂದು ಒಬ್ಬರು, ಅಪ್ಪನ ಹಾಗೆ ಎಲ್ಲಾನೂ ಕರಿ ಮಾಡ್ತೀಯ ಎಂದು ಇನ್ನೊಬ್ಬರು. ಈ ಮಾತುಗಳನ್ನು ತನ್ನಿ ಮಾರ್ತಾ ಆಮೇಲೆ ತಿಳಿಸಿದರು. ಅವರ ಭಾಷೆ ನನಗೆ ಬಾರದು, ಆದರೆ ಒಡಹುಟ್ಟಿದವರ ಜಗಳ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಸುತ್ತ ನಿಂತವರು ನಗತೊಡಗಿದರು.

ಓಂ ಕೂಸ್ ಕಾರು ಹೊರಡಿಸಲಿಲ್ಲ. ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಬೆಟ್ಟ ನೋಡುತ್ತ ಕೂತಿದ್ದರು. ತನ್ನಿ ಮಾರ್ತಾ ಕಣ್ಣೊರೆಸಿಕೊಂಡು ಒಂದು ತಟ್ಟೆಗೆ ಕುರಿ ಚಾಪ್ಸ್, ರಿಯಾ ತಂದ ಕಡುಬು ಬಡಿಸಿ, "ಯಾಯಾ, ಕೊಟ್ಟು ಬಾ. ನಿನ್ನ ಮೇಲೆ ಅವರಿಗೆ ರೇಗೋಕಾಗಲ್ಲ," ಎಂದರು.

ಕೊಟ್ಟೆ. ಅವರು ನನ್ನ ಮುಖ ನೋಡದೆ ತೆಗೆದುಕೊಂಡರು. ಕಾರಿನಲ್ಲೇ ಕೂತು ತಿಂದರು, ಮೂಳೆ ಬಿಡದೆ. ಎರಡನೇ ಸಲ ಬಡಿಸಿಕೊಳ್ಳಲು ಅವರೇ ಇಳಿದು ಬಂದರು. ಬರುವಾಗ ಟೋಪಿ ಕಾರಿನಲ್ಲೇ ಬಿಟ್ಟಿದ್ದರು.